ಮೌಸ್ ತಡವರಿಸಿದರೆ ಗೆರೆ ತಪ್ಪುತ್ತದೆಯೇ?

ಪ್ರಶ್ನೆ: ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೊಕ್ಯಾಡ್‌ನಲ್ಲಿ ಮನೆ ಪ್ಲಾನ್ ಹಾಕುತ್ತೇನೆ. ಹೊಸ ವೈರ್‌ಲೆಸ್ ಮೌಸ್‌ನ ಪಾಯಿಂಟರ್ ಆಗಾಗ ನಿಂತು ಜಿಗಿಯುತ್ತದೆ. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಬ್ಯಾಕಪ್ ಹಾಕಿದಾಗಲಂತೂ ಕೆಲಸವೇ ಸಾಗದು. ಸೆಲ್ ಹೊಸದು. ವೈರ್ ಇರುವ ಮೌಸನ್ನೇ ಮತ್ತೆ ಕೊಳ್ಳಬೇಕೆ?
– ಡ್ರಾಫ್ಟ್ಸ್‌ಮನ್, ಹುಬ್ಬಳ್ಳಿ

ಉತ್ತರ: ದುಡ್ಡು ಹಾಕುವ ಮೊದಲು ರಿಸೀವರನ್ನು (ಮೌಸ್ ಜೊತೆ ಬರುವ ಪುಟ್ಟ ಯುಎಸ್‌ಬಿ ತುಂಡು) ಯಾವ ಪೋರ್ಟ್‌ಗೆ ಚುಚ್ಚಿದ್ದೀರಿ ನೋಡಿ. ನಿಮ್ಮ ಪ್ರಶ್ನೆಯಲ್ಲೇ ಸುಳಿವಿದೆ. ಯುಎಸ್‌ಬಿ 3.0 ಡಿಸ್ಕ್ ಓಡುವಾಗ ಅದರ ಕೇಬಲ್, ಕನೆಕ್ಟರ್‌ಗಳಿಂದ ಹೊರಬೀಳುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಜ್ ಸುತ್ತಲೂ ಹರಡುತ್ತದೆ. ಮೌಸ್ ಮತ್ತು ರಿಸೀವರ್ ಮಾತಾಡಿಕೊಳ್ಳುವುದೂ ಅಲ್ಲೇ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ರಿಸೀವರನ್ನು ನೀಲಿ ಬಣ್ಣದ (ಯುಎಸ್‌ಬಿ 3.0) ಪೋರ್ಟ್‌ನಿಂದ ಕಿತ್ತು ಯುಎಸ್‌ಬಿ 2.0 ಪೋರ್ಟ್‌ಗೆ ಹಾಕಿ. ಅದಕ್ಕಿಂತ ಒಳ್ಳೆಯದು, ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ ತಂದು ರಿಸೀವರನ್ನು ಮೇಜಿನ ಮೇಲೆ, ಮೌಸ್‌ನಿಂದ ಒಂದಡಿ ದೂರದಲ್ಲಿ ಇಡಿ. ಕ್ಯಾಬಿನೆಟ್‌ನ ಹಿಂಬದಿಯಲ್ಲಿದ್ದರೆ ಕಬ್ಬಿಣದ ತಗಡೇ ಸಿಗ್ನಲ್‌ಗೆ ಅಡ್ಡ. ಡಿಸ್ಕನ್ನು ಇನ್ನೊಂದು ಬದಿಗೆ ಸರಿಸಿ. ಬಹುತೇಕ ಇಷ್ಟಕ್ಕೇ ಸರಿಹೋಗುತ್ತದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮಾತ್ರ ತಡವರಿಸುತ್ತದೆಯೇ? ಹಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎನ್ನುವ ಟಿಕ್ ತೆಗೆಯಿರಿ. ಹಾಗೆಯೇ ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್’ ಅನ್ನೂ ಆಫ್ ಮಾಡಿ. ಹೆಸರು ಕೇಳಿ ಮೋಸ ಹೋಗಬೇಡಿ: ಕೈ ಎಷ್ಟು ವೇಗವಾಗಿ ಸರಿಯಿತು ಎಂಬುದರ ಮೇಲೆ ಪಾಯಿಂಟರ್ ಸಾಗುವ ದೂರವನ್ನು ಅದು ಬದಲಿಸುತ್ತದೆ, ಕೈಗೆ ಅಂದಾಜು ಕೂರುವುದೇ ಇಲ್ಲ.

ಇನ್ನು ಗೆರೆ ತಪ್ಪುವ ಮಾತು. ಗೆರೆಯ ತುದಿ, ಮಧ್ಯಬಿಂದುಗಳಿಗೆ ಪಾಯಿಂಟರನ್ನು ತಾನೇ ಹಿಡಿದು ಕೂರಿಸುವ ಓಸ್ನ್ಯಾಪ್ (ಎಫ್3) ಆನ್ ಇದ್ದು ಅಳತೆಯನ್ನು ಟೈಪ್ ಮಾಡುತ್ತಿದ್ದರೆ ಮೌಸ್ ತುಸು ನಡುಗಿದರೂ ನಕ್ಷೆ ಕೆಡದು. ಕಣ್ಣಳತೆಯಲ್ಲಿ ಕ್ಲಿಕ್ ಮಾಡುವವರಿಗೆ ಎಷ್ಟು ದುಬಾರಿ ಮೌಸ್ ಕೊಟ್ಟರೂ ಅಷ್ಟೇ.

ಪ್ರಶ್ನೆ: ವೀಲ್ ಒತ್ತಿ ಎಳೆದರೆ ನಕ್ಷೆ ಸರಿಯುವುದಿಲ್ಲ, ಬೇರೇನೋ ಮೆನು ಬರುತ್ತದೆ. ಝೂಮ್ ಕೂಡ ಒಮ್ಮೆಲೇ ಹಾರುತ್ತದೆ.
– ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಆಟೊಕ್ಯಾಡ್‌ನ ಕಮಾಂಡ್ ಲೈನ್‌ನಲ್ಲಿ ‘ಎಂಬಟನ್‌ಪ್ಯಾನ್’ (MBUTTONPAN) ಹೊಡೆದು ಬೆಲೆ 1 ಕೊಡಿ. 0 ಇದ್ದರೆ ಪ್ಯಾನ್ (ನಕ್ಷೆ ಸರಿಸುವುದು) ಬದಲು ಮೆನು ಬರುತ್ತದೆ. ಆಮೇಲೂ ಆಗದಿದ್ದರೆ ಮೌಸ್ ಕಂಪನಿಯ ಸಾಫ್ಟ್‌ವೇರ್ ನಡುಗುಂಡಿಗೆ ಬೇರೆ ಕೆಲಸ ಹಚ್ಚಿರಬಹುದು, ಅಲ್ಲಿ ‘ಮಿಡಲ್ ಕ್ಲಿಕ್’ ಆರಿಸಿ. ಝೂಮ್‌ಗೆ ‘ಝೂಮ್‌ಫ್ಯಾಕ್ಟರ್’ (ZOOMFACTOR): ಮೊದಲಿಗೆ 60 ಇರುತ್ತದೆ, 3ರಿಂದ 100ರವರೆಗೆ ಕೊಡಬಹುದು. 25–30ಕ್ಕೆ ಇಳಿಸಿ ನೋಡಿ.

ಪ್ರಶ್ನೆ: ಮೌಸ್ ಜೊತೆಗೆ ಬಂದ ಚಿಕ್ಕ ವೈರ್‌ಲೆಸ್ ಕೀಬೋರ್ಡ್ ಸಾಕೇ?
– ಓದುಗರು, ಶಿವಮೊಗ್ಗ

ಉತ್ತರ: ಪತ್ರ ಬರೆಯಲು ಸಾಕು, ಡ್ರಾಫ್ಟಿಂಗ್‌ಗೆ ಸಾಲದು. ಬಲಗಡೆ ನಂಬರ್ ಪ್ಯಾಡ್ ಬೇಕೇಬೇಕು. ದಿನವಿಡೀ ಒತ್ತುವುದು ಅಂಕಿಗಳನ್ನೇ. ಚಿಕ್ಕವುಗಳಲ್ಲಿ ಎಫ್8 ಒತ್ತಿದರೆ ಆರ್ಥೊ (ಗೆರೆಯನ್ನು ನೇರ ಅಡ್ಡ, ಉದ್ದಕ್ಕಷ್ಟೇ ಎಳೆಯುವ ಸೌಲಭ್ಯ) ಬದಲು ವಾಲ್ಯೂಮ್ ಏರುವುದೂ ಉಂಟು. ಎಫ್ ಕೀಲಿಗಳನ್ನು ಅವುಗಳ ಮೂಲ ಕೆಲಸಕ್ಕೇ ಕಟ್ಟಿಹಾಕುವ ಎಫ್ಎನ್ ಲಾಕ್ ಇರುವುದನ್ನೇ ಆರಿಸಿ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಸೆಲ್ ಉಳಿಸಲು ಕೆಲವು ಕೀಬೋರ್ಡ್‌ಗಳು ನಿದ್ದೆಗೆ ಜಾರುತ್ತವೆ. ಎಚ್ಚರವಾಗುವಷ್ಟರಲ್ಲಿ ಒತ್ತಿದ ಮೊದಲ ಕೀ ಕಳೆದುಹೋಗುತ್ತದೆ. ಮಿಲಿಮೀಟರಿನಲ್ಲಿ 1230 ಎಂದು ಒತ್ತಿರುತ್ತೀರಿ, ಹೋದದ್ದು 230. ಅದು ಒಂಬತ್ತಿಂಚಿನ ಗೋಡೆಯ ಅಳತೆಯಂತೆಯೇ ಕಾಣುವುದರಿಂದ ಯಾರಿಗೂ ಅನುಮಾನ ಬರದು. ಎಫ್12 ಒತ್ತಿ ಡೈನಾಮಿಕ್ ಇನ್‌ಪುಟ್ ಆನ್ ಇಡಿ. ಅಂಕಿ ಪಾಯಿಂಟರ್ ಪಕ್ಕದಲ್ಲೇ ಕಾಣುತ್ತದೆ, ಎಂಟರ್‌ಗೆ ಮುಂಚೆ ಓದಿಕೊಳ್ಳಬಹುದು. ಬಿಡುವಿನ ನಂತರ ಮೊದಲು ಒಮ್ಮೆ ಎಸ್ಕೇಪ್ ಒತ್ತಿ; ಕಳೆದರೆ ಅದೇ ಕಳೆಯಲಿ.