ಓದುಗರ ಕಾನೂನು ಪ್ರಶ್ನೆ: ರೊಕ್ಕ ಕೊಟ್ಟವ್ರ ಹೆಸರ ನಮಗ್ಯಾಕ ಬೇಕು?

ಈ ಸಲ ಬಂದ ಪತ್ರದೊಳಗ ನಾಕು ಪತ್ರ ಒಂದ ಗಂಟಿಗೆ ಕಟ್ಟಿದಂಗ ಅದಾವು. ಚುನಾವಣಿ ರೊಕ್ಕ, ಹೆಸರ ಹೇಳೋದು, ಹೆಸರ ಮುಚ್ಚೋದು, ಮಾತಾಡೋ ಹಕ್ಕು. ಹಿಂಗಾಗಿ ಆಸ್ತಿ ಪಾಲು, ಚೆಕ್ ಬೌನ್ಸ್ ಅಂತ ಕೇಳಿದವ್ರು ಮುಂದಿನ ಸಂಚಿಕಿ ತನಕ ತಡೀರಿ, ಇದನ್ನ ಈ ಸಲ ಪೂರಾ ಮಾತಾಡಿಬಿಡೋಣ.

ಪ್ರಶ್ನೆ: ವಕೀಲ ಸಾಹೇಬ್ರ, ನಮಸ್ಕಾರ. ನಾ ವಿಜಯಪುರದಾಗ ಎಲ್‌ಎಲ್‌ಬಿ ಎರಡನೇ ವರ್ಷ ಓದಾಕತ್ತೀನಿ. ಪಕ್ಷಕ್ಕ ದೇಣಿಗಿ ಕೊಡಾಕ ಬ್ಯಾಂಕಿನ್ಯಾಗ ಸಿಗತಿದ್ದ ಚುನಾವಣಾ ಬಾಂಡನ್ನ ಸುಪ್ರೀಂ ಕೋರ್ಟು ರದ್ದ ಮಾಡಿದ ತೀರ್ಪಿನ ಮ್ಯಾಲ ಕ್ಲಾಸಿನ್ಯಾಗ ದೊಡ್ಡ ಜಗಳ ಆತ್ರಿ. ನಾ ಯಾರಿಗೆ ವೋಟ್ ಹಾಕ್ತೀನಿ ಅನ್ನೋದು ಗುಟ್ಟು ಅಂದಮ್ಯಾಲ, ಯಾರಿಗೆ ದೇಣಿಗಿ ಕೊಡ್ತೀನಿ ಅನ್ನೋದೂ ಗುಟ್ಟ ಇರಬೇಕಲ್ರಿ? ದೇಣಿಗಿ ಕೊಡೋದೂ ಒಂದ ನಮೂನಿ ಮಾತ ಅಲ್ಲೇನ್ರಿ? ಮತ್ತ ಕೋರ್ಟು ವಾಕ್ ಸ್ವಾತಂತ್ರ್ಯದ ಕಲಮನ್ನ ಹಿಡದು ಆ ಸ್ಕೀಮ್ ಹೆಂಗ ರದ್ದ ಮಾಡ್ತು?
(ವಿದ್ಯಾರ್ಥಿ, ವಿಜಯಪುರ)

ಉತ್ತರ: ತಮ್ಮಾ, ಛಲೋ ಪ್ರಶ್ನೆ ಕೇಳೀದಿ. ಸರ್ಕಾರದ ಕಡೆಯವ್ರೂ ಸುಪ್ರೀಂ ಕೋರ್ಟಿನ್ಯಾಗ ಹೆಚ್ಚೂಕಡಿಮಿ ಇದನ್ನ ವಾದ ಮಾಡಿದ್ರು, ದೇಣಿಗಿ ಕೊಟ್ಟವ್ರ ಖಾಸಗಿತನ ಉಳೀಬೇಕು, ಇಲ್ಲಾಂದ್ರ ಒಂದ ಪಕ್ಷಕ್ಕ ಕೊಟ್ಟವ್ರ ಮ್ಯಾಲ ಇನ್ನೊಂದ ಪಕ್ಷದವ್ರು ಸೇಡ ತೀರಿಸ್ಕೋತಾರ ಅಂತ. ಇದು ಹುರುಳಿಲ್ಲದ ವಾದ ಅಂತ ನಾ ಅನ್ನೂದಿಲ್ಲ. ಊರಾಗ ಯಾರ ಯಾವ ಪಾರ್ಟಿ ಅಂತ ಗೊತ್ತಾದ್ರ ನೀರಿನ ನಳ ಸೈತ ತಡಾ ಆಗಿ ಬರ್ತಾವು, ನಾವೆಲ್ಲಾ ನೋಡೀವಿ.

ಆದ್ರ ಮೊದಲ ಆ ಬಾಂಡ್ ಹೆಂಗಿತ್ತು ಅನ್ನೋದು ನೆನಪ ಮಾಡ್ಕೋ. 2017ರ ಹಣಕಾಸು ಕಾಯ್ದೆದಾಗ ನಾಕು ಬ್ಯಾರೆ ಬ್ಯಾರೆ ಕಾಯ್ದೆ ತಿದ್ದಿ ದಾರಿ ಮಾಡ್ಕೊಂಡ್ರು, 2018ರ ಜನವರಿ 2ಕ್ಕ ಸ್ಕೀಮ್ ಹೊಂಟ್ತು. ಸ್ಟೇಟ್ ಬ್ಯಾಂಕಿನ ಆಯ್ದ 29 ಶಾಖೆದಾಗ ಮಾತ್ರ ಸಿಗತಿತ್ತು. 1 ಸಾವಿರ, 10 ಸಾವಿರ, 1 ಲಕ್ಷ, 10 ಲಕ್ಷ, 1 ಕೋಟಿ, ಹಿಂಗ ಐದು ನಮೂನಿ. ತಗೊಂಡ 15 ದಿನದಾಗ ಪಕ್ಷ ಅದನ್ನ ತನ್ನ ಖಾತೆಗೆ ಜಮಾ ಮಾಡ್ಕೋಬೇಕು. ಆ ಕಾಗದದ ಮ್ಯಾಲ ತಗೊಂಡವ್ರ ಹೆಸರೂ ಇಲ್ಲ, ಯಾವ ಪಕ್ಷಕ್ಕ ಅನ್ನೋದೂ ಇಲ್ಲ. ಆದ್ರ ಅದೇ ಕಾಗದದೊಳಗ ಅಕ್ಷರ ಅಂಕಿ ಕೂಡಿದ ಒಂದ ನಂಬರ ಇತ್ತು ನೋಡು, ಬರಿಗಣ್ಣಿಗೆ ಕಾಣೂದಿಲ್ಲ, ನೇರಳಾತೀತ ಬೆಳಕ ಹಿಡದ್ರ ಮಾತ್ರ ಕಾಣತೈತಿ. ಅಂದ್ರ ಕೊಟ್ಟವ್ಗ ಗೊತ್ತು, ಇಸ್ಕೊಂಡವ್ಗ ಕೊಟ್ಟವ್ನ ಬಂದು ಹೇಳ್ತಾನ, ಬ್ಯಾಂಕಿನ್ಯಾಗ ದಾಖಲಿ ಐತಿ, ಗೊತ್ತಿಲ್ಲದಾಂವ ಅಂದ್ರ ಬಿಸಲಾಗ ಲೈನ್ ಹಚ್ಚಿ ವೋಟ್ ಹಾಕೋ ಮನಷ್ಯಾ ಒಬ್ಬನ!

ಕೋರ್ಟು ಹಿಡದಿದ್ದು ಇಲ್ಲೇನ. 2024ರ ಫೆಬ್ರುವರಿ 15ಕ್ಕ ಐದು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸ್ಕೀಮ್ ರದ್ದ ಮಾಡ್ತು, ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನಾಲ್ವರ ಪರವಾಗಿ ಬರದ್ರು, ನ್ಯಾಯಮೂರ್ತಿ ಸಂಜೀವ್ ಖನ್ನಾ ಬ್ಯಾರೆ ಬರದು ಅದ ತೀರ್ಮಾನಕ್ಕ ಬಂದ್ರು. ಸಂವಿಧಾನದ 19(1)(ಎ) ಮಾತಾಡೋ ಹಕ್ಕು ಅಂತ ನಾವು ಓದ್ತೀವಿ, ಆದ್ರ ಏನೂ ಗೊತ್ತಿಲ್ಲದ ಮನಷ್ಯಾ ಏನ ಮಾತಾಡ್ತಾನ, ಹೆಂಗ ಆರಿಸ್ತಾನ? ಹಿಂಗಾಗಿ ತಿಳ್ಕೊಳ್ಳೋ ಹಕ್ಕೂ ಅದರೊಳಗ ಬರತೈತಿ ಅನ್ನೋದು ಹಳೇ ಮಾತು. 2002ರಾಗ ಚುನಾವಣಿ ಸುಧಾರಣೆಗೆ ದುಡಿಯೋ ಇದ ಎಡಿಆರ್ ಸಂಸ್ಥೆ ಕೇಸಿನ್ಯಾಗ ಅಭ್ಯರ್ಥಿಗಳು ತಮ್ಮ ಮ್ಯಾಲಿನ ಕ್ರಿಮಿನಲ್ ಕೇಸು, ಆಸ್ತಿ, ಸಾಲ, ಓದಿದ್ದು ಎಲ್ಲಾ ಹೇಳಬೇಕು ಅಂತ ಆತಲ್ಲ, ಇವತ್ತ ನಾಮಪತ್ರದ ಜೋಡಿ ಅಫಿಡವಿಟ್ ಬರತೈತಲ್ಲ, ಅದರ ಬೇರು ಅಲ್ಲೇ ಐತಿ. 2024ರ ತೀರ್ಪು ಆ ಬೇರಿಂದ ಒಡದ ಟೊಂಗಿ.

ಇನ್ನ ನಿನ್ನ ವೋಟಿನ ಗುಟ್ಟಿನ ಮಾತು. ರಾಜಕೀಯ ಒಲವು ಖಾಸಗಿ ಅನ್ನೋದನ್ನ ಕೋರ್ಟು ಅಲ್ಲಗಳೀಲಿಲ್ಲ, ದೇಣಿಗಿಗೂ ಆ ಖಾಸಗಿತನ ಮುಟ್ಟತೈತಿ ಅಂತನ ಒಪ್ಕೊಂತು, ಇದನ್ನ ಕ್ಲಾಸಿನ್ಯಾಗ ಬಿಡದಂಗ ಹೇಳು. ಆದ್ರ ಬೆಂಬಲಕ್ಕ ಅಂತ ಕೊಡೋ ರೊಕ್ಕ ಬ್ಯಾರೆ, ತನಗ ಬೇಕಾದ ಪಾಲಿಸಿ ಮಾಡಿಸ್ಕೊಳ್ಳಾಕ ಕೊಡೋ ರೊಕ್ಕ ಬ್ಯಾರೆ, ಎರಡನೇದಕ್ಕ ಆ ಪರದೆ ಇಲ್ಲ ಅಂತು. ಸಣ್ಣವ್ರಿಗೆ ಪರದೆ ಮೊದಲಿಂದನೂ ಐತಿ, 20 ಸಾವಿರಕ್ಕಿಂತ ಕಡಿಮಿ ಕೊಟ್ಟವ್ರ ಹೆಸರನ್ನ ಪಕ್ಷ ಚುನಾವಣಾ ಆಯೋಗಕ್ಕ ಕೊಡಬೇಕಾಗಿಲ್ಲ. ಬಾಂಡಿನ್ಯಾಗ ಬಂದ ರೊಕ್ಕದ ಶೇ 94ರಷ್ಟು 1 ಕೋಟಿ ಬಾಂಡಿಂದನ ಬಂದಿದ್ದು. ನಿನ್ನ ವೋಟಿಗೂ ನನ್ನ ವೋಟಿಗೂ ತೂಕ ಒಂದ, ಅದಕ್ಕ ಅದು ಗುಟ್ಟಾಗಿದ್ರ ಯಾರಿಗೂ ಅನ್ಯಾಯ ಇಲ್ಲ. ಕೋಟಿ ರೊಕ್ಕಕ್ಕ ಆ ಮಾತ ಹೇಳಾಕ ಬರತೈತೇನು? ಅದರ ಮ್ಯಾಲ ಇನ್ನೊಂದು, ಮೂರು ವರ್ಷದ ಸರಾಸರಿ ಲಾಭದ ಶೇ 7.5ಕ್ಕಿಂತ ಹೆಚ್ಚು ಕಂಪನಿ ಕೊಡಬಾರದು ಅಂತ ಇದ್ದ ಮಿತಿನೂ 2017ರಾಗ ಕಿತ್ತಿದ್ರು, ನಷ್ಟದಾಗ ಇದ್ದ ಕಂಪನಿನೂ ಎಷ್ಟ ಬೇಕಾದ್ರೂ ಕೊಡಬಹುದಾಗಿತ್ತು. ಅದೂ ಮನಬಂದಂಗ ಮಾಡಿದ್ದು ಅಂತ ಬಿದ್ದು ಹೋತು.

ತೀರ್ಪು ಆದಮ್ಯಾಲ ಏನಾತು ಅನ್ನೋದು ನನಗ ಇನ್ನೂ ಕಣ್ಣಮುಂದ ಐತಿ. ಯಾರ ತಗೊಂಡ್ರು, ಯಾವ ಪಕ್ಷ ಜಮಾ ಮಾಡ್ಕೊಂತು ಅನ್ನೋ ದಾಖಲಿ ಆಯೋಗಕ್ಕ ಕೊಡ್ರಿ ಅಂತ ಕೋರ್ಟು ಸ್ಟೇಟ್ ಬ್ಯಾಂಕಿಗೆ ಹೇಳಿತ್ತು, ಬ್ಯಾಂಕು ಜೂನ್ 30ರ ತನಕ ಟೈಮ್ ಕೇಳ್ತು, ಅಂದ್ರ ಲೋಕಸಭಾ ಚುನಾವಣಿ ಮುಗದ ಮ್ಯಾಲ. ಮಾರ್ಚ್ 11ಕ್ಕ ಕೋರ್ಟು ಆಗೂದಿಲ್ಲ ಅಂತು, ಮರುದಿನ ದಾಖಲಿ ಆಯೋಗಕ್ಕ ಹೋತು, 14ಕ್ಕ ಜನರ ಕಣ್ಣಿಗೆ ಬಿತ್ತು. ಅವತ್ತ ರಾತ್ರಿ ಊಟ ಬಿಟ್ಟು ಮೊಬೈಲಿನ್ಯಾಗ ತಗದ ನೋಡ್ತೀನಿ, ಎರಡ ಪಟ್ಟಿ. ಒಂದರಾಗ ತಗೊಂಡವ್ರ ಹೆಸರು, ತಾರೀಖು, ರೊಕ್ಕ. ಇನ್ನೊಂದರಾಗ ಪಕ್ಷದ ಹೆಸರು, ತಾರೀಖು, ರೊಕ್ಕ. ನಡುವ ದಾರ ಇಲ್ಲ. ತಾರೀಖ ಹಿಡದು ಜೋಡಿಸಾಕ ಹೋಗಿ ಕಣ್ಣ ನೋಯಿಸ್ಕೊಂಡೆ. ಕೋರ್ಟು ಮತ್ತ ಗದರಿಸಿದ ಮ್ಯಾಲ ಮಾರ್ಚ್ 21ಕ್ಕ ಆ ಕಾಣದ ನಂಬರ ಹೊರಗ ಬಂದ್ವು, ಆವಾಗ ಹರದ ರಸೀದಿಯ ಎರಡ ತುಂಡ ಕೂಡಿದಂಗ ಯಾರ ಯಾರಿಗೆ ಕೊಟ್ಟಾರ ಅಂತ ಕೂಡ್ತು. 2019ರ ಏಪ್ರಿಲ್ 12ರಿಂದ ಆಚೆಗಿನ ಲೆಕ್ಕದಾಗ ಎಲ್ಲಾರಕಿಂತ ಹೆಚ್ಚ ತಗೊಂಡಿದ್ದು ಲಾಟರಿ ಧಂದೆಯ ಫ್ಯೂಚರ್ ಗೇಮಿಂಗ್, 1,368 ಕೋಟಿ. ಇಸ್ಕೊಂಡವ್ರೊಳಗ ಬಿಜೆಪಿ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್ ಸುಮಾರು 1,600 ಕೋಟಿ, ಕಾಂಗ್ರೆಸ್ ಸುಮಾರು 1,400 ಕೋಟಿ. ಯಾವ ಒಂದ ಪಕ್ಷದ್ದ ಮಾತಲ್ಲ ಇದು, ಎಲ್ಲಾರ ಚೀಲದಾಗೂ ಬಿದ್ದೈತಿ.

ಪ್ರಶ್ನೆ: ಬೆಳಗಾವಿಯಾಗ ನಮ್ಮದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಐತ್ರಿ, ಲಗ್ನಪತ್ರಿಕೆ, ಬಿಲ್ ಬುಕ್ ಮಾಡ್ತೀವಿ. ಹೋದ ವಿಧಾನಸಭಾ ಚುನಾವಣಿ ಮುಂದ ಒಬ್ಬ ಹುಡುಗ ಬಂದು, ಒಬ್ಬ ಅಭ್ಯರ್ಥಿ ರಸ್ತಾ ಮಾಡಿಲ್ಲ, ಅವ್ರಿಗೆ ವೋಟ್ ಹಾಕಬ್ಯಾಡ್ರಿ ಅಂತ 2 ಸಾವಿರ ಹ್ಯಾಂಡ್‌ಬಿಲ್ ಬೇಕು, ಕೆಳಗ ಪ್ರೆಸ್ಸಿನ ಹೆಸರ ಹಾಕಬ್ಯಾಡ್ರಿ ಅಂದ. ನಾ ಒಲ್ಲೆ ಅಂದೆ, ಅಂವ ಇದು ನನ್ನ ಮಾತಾಡೋ ಹಕ್ಕು ಅಂತ ಜಗಳ ತಗದು ಹೋದ. ನಾ ಮಾಡಿದ್ದು ತಪ್ಪಾತೇನ್ರಿ?
(ಪ್ರೆಸ್ ಮಾಲಕರು, ಬೆಳಗಾವಿ)

ಉತ್ತರ: ಇಲ್ರಿ ಮಾಲಕರ, ನೀವು ಮಾಡಿದ್ದು ಸರಿ ಐತಿ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಅಭ್ಯರ್ಥಿ ಪರ ಇರಲಿ ವಿರುದ್ಧ ಇರಲಿ, ಚುನಾವಣಿ ಹ್ಯಾಂಡ್‌ಬಿಲ್ಲಿನ ಮ್ಯಾಲ ಮುದ್ರಕರ ಹೆಸರು ವಿಳಾಸ, ಪ್ರಕಾಶಕರ ಹೆಸರು ವಿಳಾಸ ಇರಾಕಬೇಕು. ಮಾಡಿಸಾಕ ಬಂದವ್ರು ತಾವ ಯಾರು ಅಂತ ಬರದು ಸಹಿ ಮಾಡಿ, ಅವ್ರನ್ನ ಸ್ವತಃ ಬಲ್ಲ ಇಬ್ಬರ ಸಹಿ ಹಾಕಿಸಿ ಎರಡ ಪ್ರತಿ ನಿಮ್ಮ ಕೈಗೆ ಕೊಡಬೇಕು, ನೀವು ಪ್ರಿಂಟ್ ಆದಮ್ಯಾಲ ಅದರ ಒಂದ ಪ್ರತಿ, ಹ್ಯಾಂಡ್‌ಬಿಲ್ಲಿಂದು ಒಂದ ಪ್ರತಿ ಡಿಸಿ ಆಫೀಸಿಗೆ ಕಳಸಬೇಕು. ತಪ್ಪಿದ್ರ ಆರು ತಿಂಗಳ ತನಕ ಜೈಲು, ಇಲ್ಲಾ 2 ಸಾವಿರ ತನಕ ದಂಡ, ಇಲ್ಲಾ ಎರಡೂ. ಕೈಲೆ ಬರದು ನಕಲ ಮಾಡಿದ್ದೊಂದು ಬಿಟ್ರ ಉಳದಿದ್ದೆಲ್ಲಾ ಪ್ರಿಂಟ್ ಅಂತನ ಲೆಕ್ಕ, ಹಿಂಗಾಗಿ ಬಾಜೂ ಅಂಗಡಿ ಝೆರಾಕ್ಸಿನವ್ರಿಗೂ ಹೇಳ್ರಿ. ಸಭಾ ಎಲ್ಲೈತಿ, ಎಷ್ಟ ಗಂಟೆಗೆ ಐತಿ ಅಂತ ಬರೇ ತಿಳಸೋ ಚೀಟಿಗೆ ಮಾತ್ರ ಇದು ಬರೂದಿಲ್ಲ.

ಆದ್ರ ಆ ಹುಡುಗನ ಮಾತನ್ನ ನಾ ತಳ್ಳಿಹಾಕೂದಿಲ್ಲ. ಅಮೇರಿಕಾದ ಒಹಾಯೋ ರಾಜ್ಯದಾಗ 1988ರಾಗ ಮಾರ್ಗರೆಟ್ ಮೆಕಿಂಟೈರ್ ಅನ್ನೋ ತಾಯಿ ಹಿಂಗ ಮಾಡಿದ್ರು. ಶಾಲಿ ತೆರಿಗಿ ಮ್ಯಾಲ ಜನ ವೋಟ್ ಹಾಕೋದಿತ್ತು, ಸಾಲಿಯಾಗ ಸಭಾ ನಡದಿತ್ತು, ಈಕಿ ಮನಿಯ ಕಂಪ್ಯೂಟರಿನ್ಯಾಗ ಮಾಡಿದ ಚೀಟಿ ಬಾಗಲದಾಗ ನಿಂತ ಹಂಚಿದ್ಲು, ಮಗ ಮತ್ತ ಒಬ್ಬ ಗೆಳ್ಯಾ ನಿಂತ ಕಾರಿನ ಕಾಜಿಗೆ ಸಿಗಿಸಿದ್ರು. ಕೆಲವು ಚೀಟಿ ಮ್ಯಾಲ ಹೆಸರ ಇರಲಿಲ್ಲ, ಕಾಳಜಿ ಇರೋ ಪಾಲಕರು ಮತ್ತ ತೆರಿಗಿ ಕಟ್ಟಾವ್ರು ಅಂತ ಇತ್ತಷ್ಟ. 100 ಡಾಲರ್ ದಂಡ ಬಿತ್ತು. ಆಕಿ ಬಿಡಲಿಲ್ಲ, ಕೇಸು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ ತನಕ ಹೋತು, 1995ರಾಗ ಏಳು ಜನ ನ್ಯಾಯಮೂರ್ತಿಗಳು ಆಕಿ ಪರ, ಇಬ್ಬರು ವಿರುದ್ಧ. ತೀರ್ಪ ಬರೋದರೊಳಗ ಆಕಿ ತೀರ್ಕೊಂಡಿದ್ಲು. ಸಣ್ಣ ಮನಷ್ಯಾ ದೊಡ್ಡವ್ರ ಸಿಟ್ಟಿಗೆ ಹೆದರಿ ಹೆಸರ ಮುಚ್ಕೊಂಡ ಮಾತಾಡೋದೂ ಮಾತಾಡೋ ಹಕ್ಕಿನೊಳಗ ಬರತೈತಿ ಅಂತ ಆ ಕೋರ್ಟು ಹೇಳ್ತು.

ನನ್ನ ಅನಿಸಿಕಿ ಕೇಳಿದ್ರ, ನಮ್ಮ 127ಎ ಕಲಮಿಗೂ ಒಂದ ಸಣ್ಣ ವಿನಾಯ್ತಿ ಬೇಕ್ರಿ. ಕೋಟಿ ಖರ್ಚ ಮಾಡಿ ಊರ ತುಂಬ ಬೋರ್ಡ್ ಹಾಕೋವ್ನಿಗೂ, ಜೇಬಿನ ರೊಕ್ಕದಾಗ ಇನ್ನೂರ ಚೀಟಿ ಹಂಚೋ ಹುಡುಗಗೂ ಒಂದ ತಕ್ಕಡಿ ಹಿಡಿಯೋದು ನ್ಯಾಯ ಅಲ್ಲ, ದೇಣಿಗಿಗೆ 20 ಸಾವಿರದ ಗೆರಿ ಇದ್ದಂಗ ಇಲ್ಲೂ ಒಂದ ಗೆರಿ ಇರಲಿ. ಆ ಗೆರಿ ಬರೂ ತನಕ ಮಾತ್ರ ಸಹಿ ಇಲ್ಲದ ಪ್ರಿಂಟ್ ಮಾಡಬ್ಯಾಡ್ರಿ, ಅಂವ ಓಡಿ ಹೋಗ್ತಾನ, ನಿಮ್ಮ ಮಷೀನ ಓಡಿ ಹೋಗೂದಿಲ್ಲ.

ಪ್ರಶ್ನೆ: ನಾ ನಿವೃತ್ತ ಮಾಸ್ತರು. ನಮ್ಮ ಮಗ ಅಮೇರಿಕಾದಾಗ ಅದಾನ, ಅಲ್ಲಿ ಚುನಾವಣಿಗೆ ರೊಕ್ಕ ಖರ್ಚ ಮಾಡೋದಕ್ಕ ಮಿತಿನ ಇಲ್ಲ, ರೊಕ್ಕ ಅಂದ್ರ ಮಾತು ಅಂತ ಕೋರ್ಟ್ ಹೇಳೈತಿ ಅಂತಾನ. ಹಂಗಾದ್ರ ಅಲ್ಲಿ ಹೆಸರೂ ಹೇಳಬೇಕಾಗಿಲ್ಲೇನ್ರಿ?
(ಹಿರಿಯ ಓದುಗರು, ಬಾಗಲಕೋಟೆ)

ಉತ್ತರ: ಗುರುಗಳ, ನಿಮ್ಮ ಮಗ ಹೇಳಿದ್ದು ಅರ್ಧ. ಅಲ್ಲಿಯ ಸುಪ್ರೀಂ ಕೋರ್ಟಿನ 1976ರ ಬಕ್ಲಿ ಕೇಸಿನ್ಯಾಗ ಖರ್ಚಿನ ಮಿತಿ ಹೋತು, ಆದ್ರ ಅಭ್ಯರ್ಥಿಗೆ ನೇರ ಕೊಡೋ ದೇಣಿಗಿಯ ಮಿತಿ ಉಳೀತು, ಹೆಸರ ಹೇಳೋ ನಿಯಮನೂ ಉಳೀತು. 2010ರ ಸಿಟಿಜನ್ಸ್ ಯುನೈಟೆಡ್ ಕೇಸಿನ್ಯಾಗ ಕಂಪನಿಗಳು ತಮ್ಮಷ್ಟಕ್ಕ ತಾವ ಎಷ್ಟ ಬೇಕಾದ್ರೂ ಖರ್ಚ ಮಾಡಬಹುದು ಅಂತ ನ್ಯಾಯಮೂರ್ತಿಗಳ 5–4 ವೋಟಿನ್ಯಾಗ ಆತು, ಭಾಳ ಜನ ಅಷ್ಟ ಕೇಳಿ ಎದ್ದ ಹೋಗ್ತಾರ. ಅದೇ ತೀರ್ಪಿನ್ಯಾಗ ಜಾಹೀರಾತಿಗೆ ರೊಕ್ಕ ಯಾರ ಕೊಟ್ರು ಅಂತ ಹೇಳಬೇಕು ಅನ್ನೋದನ್ನ ಎಂಟು ಜನ ಎತ್ತಿ ಹಿಡದ್ರು, ಒಬ್ಬರ ಮಾತ್ರ ವಿರೋಧ. ಆದ್ರೂ ಕೆಲವು ಸಂಘ ಸಂಸ್ಥೆಗಳು ತಮಗ ರೊಕ್ಕ ಕೊಟ್ಟವ್ರನ್ನ ಜನರಿಗೆ ತೋರಿಸಬೇಕಾಗಿಲ್ಲ, ಆ ಸಂದಿಯಿಂದ ರೊಕ್ಕ ನುಸುಳತೈತಿ, ಅದಕ್ಕ ಅಲ್ಲಿಯವ್ರು ಡಾರ್ಕ್ ಮನಿ ಅಂತಾರ.

ಇನ್ನೊಂದ ಮಗ್ಗಲೂ ಹೇಳಬೇಕು. 1956ರಾಗ ಅಮೇರಿಕಾದ ಅಲಬಾಮಾ ರಾಜ್ಯ, ಕಪ್ಪು ಜನರ ಹಕ್ಕಿಗೆ ಹೋರಾಡೋ ಎನ್‌ಎಎಸಿಪಿ ಸಂಘದ ಸದಸ್ಯರ ಪಟ್ಟಿ ಕೊಡ್ರಿ ಅಂತ ಹಟ ಹಿಡದಿತ್ತು, ಕೊಡದಿದ್ದಕ್ಕ 1 ಲಕ್ಷ ಡಾಲರ್ ದಂಡ ಹಾಕಿದ್ರು. ಪಟ್ಟಿ ಹೊರಗ ಬಿದ್ದಿದ್ರ ಆ ಜನರ ನೌಕರಿ, ಜೀವ ಎರಡೂ ಉಳೀತಿರಲಿಲ್ಲ. 1958ರಾಗ ಅಲ್ಲಿಯ ಸುಪ್ರೀಂ ಕೋರ್ಟು ಒಮ್ಮತದಿಂದ ಕೊಡಬೇಕಾಗಿಲ್ಲ ಅಂತು. ಹೆಸರ ಕೇಳಾವ್ರು ಯಾರು, ಹೇಳಾವ್ರು ಯಾರು, ಯಾರ ಕೈಯಾಗ ಬಡಿಗಿ ಐತಿ ಅನ್ನೋದನ್ನ ನೋಡದ ಕಾನೂನು ಓದಾಕ ಬರೂದಿಲ್ರಿ.

ಪ್ರಶ್ನೆ: ಅಣ್ಣಾರ, ನಾ ಮುಧೋಳ ಕಡೆ ಕಬ್ಬ ಬೆಳ್ಯಾಂವ. ಬಾಂಡ್ ಹೋತಲ್ಲ, ಈಗರ ಎಲ್ಲಾ ಬಿಚ್ಚಿ ತೋರಸ್ತಾರೇನ್ರಿ? ನಮ್ಮಂಥಾವ್ರು ಎಲ್ಲಿ ಹೋಗಿ ನೋಡಬೇಕು?
(ರೈತರು, ಬಾಗಲಕೋಟೆ ಜಿಲ್ಲೆ)

ಉತ್ತರ: ಎಲ್ಲಾ ಅಲ್ರಿ. ಬಾಂಡ್ ಹೋದಮ್ಯಾಲ ರೊಕ್ಕ ಚೆಕ್ಕಿಲೆ, ಬ್ಯಾಂಕಿಲೆ, ಕಂಪನಿಗಳ ದೇಣಿಗಿ ಕೂಡಿಸಿ ಪಕ್ಷಗಳಿಗೆ ಹಂಚೋ ಎಲೆಕ್ಟೋರಲ್ ಟ್ರಸ್ಟಿಲೆ ಬರತೈತಿ. 20 ಸಾವಿರದ ಮ್ಯಾಲಿನ ದೇಣಿಗಿ ಕೊಟ್ಟವ್ರ ಹೆಸರನ್ನ ಪಕ್ಷ ವರ್ಷಾ ಆಯೋಗಕ್ಕ ಕೊಡಬೇಕು, ಅದು ಆಯೋಗದ ವೆಬ್‌ಸೈಟಿನ್ಯಾಗ ಐತಿ, ಮಗನ ಕಡೆ ಇಲ್ಲಾ ಮೊಮ್ಮಗನ ಕಡೆ ತಗಸಿ ನೋಡ್ರಿ. ಅದರ ಕೆಳಗಿನ ಸಣ್ಣ ರೊಕ್ಕದ ಹೆಸರ ಸಿಗೂದಿಲ್ಲ, ದೊಡ್ಡ ರೊಕ್ಕ ಒಡದು ಸಣ್ಣ ತುಂಡ ಮಾಡಿ ಬಂದ್ರ ಹಿಡಿಯೋದು ಕಷ್ಟ. ಅಭ್ಯರ್ಥಿ ಖರ್ಚಿಗೆ ಮಿತಿ ಐತಿ, ನಮ್ಮ ರಾಜ್ಯದಾಗ ವಿಧಾನಸಭಾಕ್ಕ 40 ಲಕ್ಷ, ಲೋಕಸಭಾಕ್ಕ 95 ಲಕ್ಷ, ಆದ್ರ ಪಕ್ಷದ ಖರ್ಚಿಗೆ ಮಿತಿನ ಇಲ್ಲ. ಇದು ನನ್ನ ಹೊಟ್ಟಿ ಉರಿಸೋ ಮಾತು, ಬಾಗಲಾ ಹಾಕಿ ಕಿಡಕಿ ತಗದಿಟ್ಟಂಗ.

ನಿಮ್ಮ ಕೈಗೆ ಹತ್ತೋದೊಂದ ಹೇಳ್ತೀನಿ. ರಿಸಲ್ಟ್ ಆದ 30 ದಿನದಾಗ ಪ್ರತಿ ಅಭ್ಯರ್ಥಿ ತನ್ನ ಖರ್ಚಿನ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿ, ಅಂದ್ರ ಡಿಸಿ ಕಡೆ ಕೊಡಬೇಕು, ಕೊಟ್ಟಾರ ಅಂತ ಡಿಸಿ ನೋಟಿಸ್ ಬೋರ್ಡಿಗೆ ಹಚ್ಚಬೇಕು. ಆ ಲೆಕ್ಕ ನೋಡಾಕ ಯಾರಾದ್ರೂ ಹೋಗಬಹುದು, ನೀವು ಆ ಕ್ಷೇತ್ರದ ಮತದಾರ ಇರಬೇಕಂತೂ ಇಲ್ಲ. ಪೆಂಡಾಲಿಗೆ ಎಷ್ಟ ಬರದಾರ, ಜೀಪಿಗೆ ಎಷ್ಟ ಬರದಾರ, ಊಟಕ್ಕ ಎಷ್ಟ ಬರದಾರ ಎಲ್ಲಾ ಅದರಾಗ ಸಿಗತೈತಿ, ನಿಮ್ಮ ಊರ ಸಭಾಕ್ಕ ಎಷ್ಟ ಖುರ್ಚಿ ಬಂದಿದ್ದು ಅಂತ ನಿಮಗ ಗೊತ್ತ ಐತಲ್ರಿ, ತಾಳೆ ಹಚ್ಚಿ ನೋಡ್ರಿ. 1961ರ ಚುನಾವಣಾ ನಿಯಮದ 88ನೇ ನಿಯಮ ಅಂತ ಅರ್ಜಿಯಾಗ ಬರೀರಿ, ನೋಡೋ ಫೀ ಒಂದ ರೂಪಾಯಿ.