ಶೋರೂಮಿನ ಹೊಳಪನ್ನು ನಂಬಬೇಡಿ

ಶೋರೂಮಿನಲ್ಲಿ ನೋಡಿದ ಮಾತ್ರಕ್ಕೆ ಬೈಕ್ ಕಂಪನಿಯೊಂದರ ಗಟ್ಟಿತನ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಅದೇ ಕಂಪನಿಯ, ಐದಾರು ವರ್ಷ ಮಳೆ ಬಿಸಿಲಿನಲ್ಲಿ ಓಡಿದ ಬೈಕನ್ನು ಹುಡುಕಿ ನೋಡಿ. ಸೀಟು ಬಿಚ್ಚಿಸಿ, ಚಾಸಿಯ, ಅಂದರೆ ಬೈಕಿನ ಲೋಹದ ಚೌಕಟ್ಟಿನ, ಬೆಸುಗೆಯ ಸುತ್ತ ತುಕ್ಕು ಹಿಡಿದಿದೆಯೇ ಪರೀಕ್ಷಿಸಿ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಯ ಮೇಲೆ ಬೆರಳಾಡಿಸಿ. ಎಣ್ಣೆ ಚೆನ್ನಾಗಿ ಅಂಟಿದರೆ, ಒಳಗಿನ ಎಣ್ಣೆಯನ್ನು ತಡೆಯುವ ಸೀಲ್ ಸವೆದಿರಬಹುದು. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಅದರ ಬುಡದಲ್ಲಿ ವೈರುಗಳು ಎಳೆದುಕೊಳ್ಳುತ್ತವೆಯೇ, ಉಜ್ಜಿ ಸಿಪ್ಪೆ ಸುಲಿದಿವೆಯೇ ಗಮನಿಸಿ. ನನ್ನ ಹಳೆಯ ಬೈಕ್ ಮಳೆಯ ರಾತ್ರಿ ಕೈಕೊಟ್ಟದ್ದು ಅಲ್ಲಿಯೇ, ಎಂಜಿನ್ನಿಗೆ ಏನೂ ಆಗಿರಲಿಲ್ಲ. ಹೊಚ್ಚಹೊಸ ಮಾದರಿಯಾದರೆ, ಅದರ ದೋಷಗಳು ಹೊರಬೀಳಲು ಒಂದು ವರ್ಷ ಕಾಯಿರಿ. ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ ಎಂಬುದನ್ನು ಮಾರುವವರ ಬದಲು ಮೆಕ್ಯಾನಿಕ್ಕನ್ನೇ ಕೇಳಿ.