ಈ ಬಸವನಹುಳು ನಮ್ಮ ಕಾಡಿನದೇ, ಹೊರಗಿನದೇ?

ಮಳೆ ಶುರುವಾದ ಮೇಲೆ ನಮ್ಮ ಅಂಚೆಯಲ್ಲಿ ಬಸವನಹುಳುವಿನದೇ ಮಾತು. ಒಂದಕ್ಕೊಂದು ಹೊಂದುವ ಐದು ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ತೋಟದ ಅಂಚಿನ ಕಲ್ಲುಗೋಡೆಯಲ್ಲಿ ಅಂಗೈಯಷ್ಟುದ್ದದ ಬಸವನಹುಳುಗಳು ಕಾಣಿಸಿಕೊಂಡಿವೆ. ಇಷ್ಟು ದೊಡ್ಡವನ್ನು ನಮ್ಮ ಹಿರಿಯರೂ ನೋಡಿಲ್ಲವಂತೆ. ಆಫ್ರಿಕದ್ದು ಅಂತ ಕೆಲವರು, ಕಾಡಿನದೇ ಅಂತ ಕೆಲವರು. ಗುರುತಿಸುವುದು ಹೇಗೆ?
— ಕಾಫಿ ಬೆಳೆಗಾರರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ. ಕಂದು ಚಿಪ್ಪಿನ ಮೇಲೆ ಹಳದಿ ಉದ್ದಗೀರುಗಳು ಆಫ್ರಿಕದ ದೈತ್ಯ ಬಸವನಹುಳುವಿನ ಸಾಮಾನ್ಯ ಲಕ್ಷಣವೇನೋ ಹೌದು. ಆದರೆ ಬಿಸಿಲು ತಿಂದ ಚಿಪ್ಪು ಬಿಳುಚುತ್ತದೆ, ಮರಿಗಳಲ್ಲಿ ಗೀರು ಸ್ಪಷ್ಟವಿರುವುದಿಲ್ಲ. ನೋಡಬೇಕಾದ್ದು ಚಿಪ್ಪಿನ ಬಾಯಿಯನ್ನು, ಅಂದರೆ ಹುಳು ಹೊರಬರುವ ತೆರಪನ್ನು.

ಕೈಗವಸು ಹಾಕಿಕೊಂಡು ಚಿಪ್ಪನ್ನು ತುದಿ ಮೇಲಾಗಿ, ಬಾಯಿ ನಿಮ್ಮ ಕಡೆಗಾಗಿ ಹಿಡಿಯಿರಿ. ಬಾಯಿ ಎಡಗಡೆಗಿದ್ದರೆ ಅದು ಆಫ್ರಿಕದ್ದಲ್ಲ ಎಂದೇ ಹಿಡಿಯಬಹುದು. ನಮ್ಮ ಅರಿಯೋಫ್ಯಾಂಟ ಕುಲದ ಎಷ್ಟೋ ಬಸವನಹುಳುಗಳು ಹೀಗೆ ಎಡಕ್ಕೆ ಸುತ್ತಿದವು. ಬಲಗಡೆಗಿದ್ದರೆ ಮುಂದಿನ ಪರೀಕ್ಷೆ: ಬಾಯಿಯ ಒಳಬದಿಯಲ್ಲಿ, ಸುರುಳಿಗಳ ನಡುವೆ ನಿಂತ ನುಣುಪಾದ ಕಂಬ ಕಾಣುತ್ತದೆ. ಆಫ್ರಿಕದ್ದರಲ್ಲಿ ಈ ಕಂಬ ಕೆಳತುಟಿಯನ್ನು ಸೇರುವ ಮೊದಲೇ ಕತ್ತರಿಸಿದಂತೆ ತಟಕ್ಕನೆ ನಿಂತು, ಅಲ್ಲೊಂದು ಕಚ್ಚು ಉಳಿಯುತ್ತದೆ. ಮರಿಯಲ್ಲೂ ಈ ಕಚ್ಚು ಇರುತ್ತದೆ. ಚಿಪ್ಪಿನ ಅಡಿಯಲ್ಲಿ ಹೊಕ್ಕುಳಿನಂಥ ತೂತು ಇರುವುದಿಲ್ಲ. ಬೆಳೆದದ್ದಕ್ಕೆ ಏಳರಿಂದ ಒಂಬತ್ತು ಸುತ್ತು. ಮಾಮೂಲಿ ಉದ್ದ 5ರಿಂದ 10 ಸೆಂ.ಮೀ., ಅಪರೂಪಕ್ಕೆ 20 ಸೆಂ.ಮೀ. ಮುಟ್ಟಿದ್ದೂ ಇದೆ. 7 ಸೆಂ.ಮೀ. ಮೀರಿದ, ಮೊನಚು ತುದಿಯ ನೆಲದ ಬಸವನಹುಳು ಕರ್ನಾಟಕದಲ್ಲಿ ಸಿಕ್ಕರೆ ಅದು ಇದೇ ಅನ್ನಲು ಅನುಮಾನ ಬೇಡ.

ಹೆಚ್ಚಿನವರು ತಪ್ಪುವುದು ಮುಚ್ಚಳದ ವಿಷಯದಲ್ಲಿ. ಗದ್ದೆಯ ಬಸವನಹುಳುವಿಗೆ ಮತ್ತು ನಮ್ಮ ಕಾಡಿನ ಕೆಲವು ಜಾತಿಗಳಿಗೆ ಗಟ್ಟಿ ಮುಚ್ಚಳವಿದೆ. ಅದು ಹುಳುವಿನ ಪಾದಕ್ಕೇ ಅಂಟಿಕೊಂಡಿದ್ದು, ಹುಳು ಒಳಗೆ ಸರಿದಾಗ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಆಫ್ರಿಕದ್ದಕ್ಕೆ ಮುಚ್ಚಳವಿಲ್ಲ. ಆದರೆ ಬೇಸಿಗೆಯಲ್ಲಿ ಅದು ಲೋಳೆಯಿಂದ ಬಾಯಿಗೆ ಬಿಳಿ ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗುತ್ತದೆ. ಆ ಪೊರೆಯನ್ನೇ ಮುಚ್ಚಳ ಅಂದುಕೊಂಡು 'ಇದು ಗದ್ದೆಯದು' ಎಂದು ಬಿಟ್ಟವರುಂಟು. ಉಗುರಿನಿಂದ ಗೀರಿ ನೋಡಿ: ಪೊರೆ ಕಾಗದದಂತೆ ಹರಿಯುತ್ತದೆ, ಮುಚ್ಚಳ ಹರಿಯುವುದಿಲ್ಲ.

ತೆಳು ಚಿಪ್ಪಿನ, ಕೆಂಪು ಅಥವಾ ಹಳದಿ ಮೈಯ ಬಸವನಹುಳು ಕಂಡರೆ ಮಾತ್ರ ದಯವಿಟ್ಟು ಮುಟ್ಟಬೇಡಿ. ಅದು ಇಂಡ್ರೆಲ್ಲಾ ಆಂಪುಲ್ಲಾ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. 'ಹುಳು ಆಯುವ ಅಭಿಯಾನ'ಗಳಲ್ಲಿ ಇದೂ ಉಪ್ಪುನೀರಿನ ಬಕೆಟ್ಟಿಗೆ ಬೀಳುವ ಅಪಾಯವಿದೆ.

ಪ್ರಶ್ನೆ: ನಮ್ಮ ಊರಿನಲ್ಲಿ ಹಿಂದೆಂದೂ ಕಾಣದ ಬಸವನಹುಳು ಸಿಕ್ಕರೆ ಅದನ್ನು ದಾಖಲಿಸಲು ಏನು ಮಾಡಬೇಕು? ಶಾಲೆಯ ಪ್ರಯೋಗಾಲಯದಲ್ಲಿ ಫಾರ್ಮಲಿನ್ ಇದೆ.
— ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಫಾರ್ಮಲಿನ್ ಅಲ್ಲೇ ಇರಲಿ. ಅದರ ಆಮ್ಲ ಚಿಪ್ಪಿನ ಸುಣ್ಣವನ್ನು ಕರಗಿಸುತ್ತದೆ, ಡಿಎನ್‌ಎ ಪರೀಕ್ಷೆಗೂ ಮಾದರಿ ಕೆಡುತ್ತದೆ.

ಮೊದಲು ಫೋಟೋ. ಬಾಯಿ ಕಡೆಯಿಂದ ಒಂದು, ಬೆನ್ನಿನ ಕಡೆಯಿಂದ ಒಂದು, ತುದಿಯ ನೇರ ಮೇಲಿನಿಂದ ಒಂದು, ಜೊತೆಗೆ ಹುಳು ಪೂರ್ತಿ ಹೊರಗೆ ಬಂದು ಹರಿದಾಡುವಾಗ ಒಂದು. ಪಕ್ಕದಲ್ಲಿ ಮಿ.ಮೀ. ಗುರುತಿನ ಸ್ಕೇಲ್ ಇಡಿ. ನಾಣ್ಯ ಇಡುವ ಅಭ್ಯಾಸ ಒಳ್ಳೆಯದಲ್ಲ, ಒಂದು ರೂಪಾಯಿಯ ನಾಣ್ಯವೇ ಹಲವು ಅಳತೆಗಳಲ್ಲಿ ಬಂದಿದೆ. ಫೋನಿನ ನಕ್ಷೆಯಿಂದ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ.

ಮಾದರಿ ಇಡುವುದಾದರೆ, ಕುದಿಸಿ ಪೂರ್ತಿ ಆರಿಸಿದ ನೀರನ್ನು ಬಾಟಲಿಯ ಕಂಠದವರೆಗೂ ತುಂಬಿ, ಹುಳುವನ್ನು ಬಿಟ್ಟು, ಗಾಳಿಗುಳ್ಳೆ ಉಳಿಯದಂತೆ ಮುಚ್ಚಿ ಒಂದು ದಿನ ಬಿಡಿ. ಕುದಿಸುವುದರಿಂದ ನೀರಿನಲ್ಲಿ ಕರಗಿದ ಗಾಳಿ ಹೋಗಿರುತ್ತದೆ, ಹುಳು ಮೈ ಚಾಚಿಕೊಂಡೇ ಸಾಯುತ್ತದೆ. ಜೀವಂತ ಹುಳುವನ್ನು ನೇರ ಆಲ್ಕೋಹಾಲಿಗೆ ಹಾಕಿದರೆ ಅದು ಚಿಪ್ಪಿನೊಳಗೆ ಸೆಟೆದುಕೊಳ್ಳುತ್ತದೆ. ಆಲ್ಕೋಹಾಲ್ ಒಳಸುರುಳಿಗೆ ಇಳಿಯುವುದಿಲ್ಲ, ನಾಲ್ಕು ದಿನಕ್ಕೆ ಬಾಟಲಿ ನಾರುತ್ತದೆ. ಸೂಜಿ ತಾಗಿಸಿದರೂ ಮಿಸುಕದಿದ್ದಾಗ ಲೋಳೆ ತೊಳೆದು 70 ಶೇಕಡಾ ಆಲ್ಕೋಹಾಲಿಗೆ ಹಾಕಿ. ಡಿಎನ್‌ಎ ಪರೀಕ್ಷೆಗಾದರೆ 95 ಶೇಕಡಾದ್ದು ಬೇಕು. ಹುಳುವಿನ ಗಾತ್ರದ ಐದು ಪಟ್ಟಾದರೂ ದ್ರವವಿರಲಿ, ಮಾರನೆಯ ದಿನ ಒಮ್ಮೆ ಬದಲಿಸಿ.

ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಬಾಟಲಿಯ ಒಳಗೆ ಹಾಕಿ, ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ದಿನಾಂಕ, ಸ್ಥಳ, ಯಾವ ಗಿಡದ ಮೇಲೆ ಅಥವಾ ಯಾವುದರ ಅಡಿಯಲ್ಲಿ, ಎಷ್ಟಿದ್ದವು, ಹಿಡಿದವರು ಯಾರು: ಇಷ್ಟು ಬೇಕು. ಚೀಟಿಯಿಲ್ಲದ ಚಿಪ್ಪು ಷೋಕೇಸಿಗೆ ಸರಿ, ದಾಖಲೆಗೆ ಬರುವುದಿಲ್ಲ.

ಫೋಟೋಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೂ ತಿಳಿಸಿ. ಕಾಫಿ ಸೀಮೆಯವರಾದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅಥವಾ ಚೆಟ್ಟಳ್ಳಿಯ ಅದರ ಉಪಕೇಂದ್ರ. ಕೇಳದೆ ಮಾದರಿ ಅಂಚೆಗೆ ಹಾಕಬೇಡಿ. ಜೀವಂತ ಹುಳುವನ್ನಂತೂ ಗುರುತಿಗಾಗಿ ಬೇರೆ ಊರಿಗೆ ಒಯ್ಯಲೇಬೇಡಿ.

ಪ್ರಶ್ನೆ: ಆಫ್ರಿಕದ ಹುಳು ಇಲ್ಲಿಗೆ ಬಂದದ್ದು ಯಾವಾಗ? ಬೇರೆ ದೇಶಗಳು ಇದನ್ನು ತೊಲಗಿಸಿವೆಯೇ?
— ಪದವಿ ವಿದ್ಯಾರ್ಥಿ, ಶಿರಸಿ

ಉತ್ತರ: ತಂದವರು ಬಸವನಹುಳುಗಳನ್ನು ಬಲ್ಲವರೇ. ಭಾರತದ ಎಷ್ಟೋ ಜಾತಿಗಳನ್ನು ಮೊದಲು ವರ್ಣಿಸಿದ ವಿಲಿಯಂ ಬೆನ್ಸನ್ 1847ರಲ್ಲಿ ಮಾರಿಷಸ್‌ನಿಂದ ಜೀವಂತ ಹುಳುಗಳನ್ನು ಕಲ್ಕತ್ತೆಗೆ ತಂದರು. ಅವು ಚೌರಂಗಿಯ ತೋಟವೊಂದನ್ನು ಸೇರಿದವು. 1900ರ ಹೊತ್ತಿಗೆ ಸಿಂಹಳಕ್ಕೂ ಮುಟ್ಟಿತ್ತು. ಮೂಲ ನೆಲೆ ಪೂರ್ವ ಆಫ್ರಿಕ. ಇದರ ವೈಜ್ಞಾನಿಕ ಹೆಸರು ಹಳೆಯ ಪುಸ್ತಕಗಳಲ್ಲಿ ಅಕಟಿನಾ ಫುಲಿಕಾ, ಈಗ ಲಿಸಕಟಿನಾ ಫುಲಿಕಾ, ಎರಡೂ ಒಂದೇ.

ತೊಲಗಿಸಿದ್ದಕ್ಕೆ ಅಮೆರಿಕದ ಫ್ಲಾರಿಡಾ ಉದಾಹರಣೆ. 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮೂರು ಹುಳು ತಂದ, ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷದಲ್ಲಿ ಸಿಕ್ಕವು 18,000ಕ್ಕೂ ಹೆಚ್ಚು. ಸುಮಾರು ಹತ್ತು ಲಕ್ಷ ಡಾಲರ್ ಸುರಿದು, 1975ರಲ್ಲಿ ಮುಗಿಯಿತು ಎಂದರು. 2011ರಲ್ಲಿ ಮಯಾಮಿಯಲ್ಲಿ ಮತ್ತೆ ಕಂಡಿತು. ವಾಸನೆ ಹಿಡಿಯುವ ನಾಯಿಗಳನ್ನೂ ಬಳಸಿ 2021ಕ್ಕೆ ತೊಲಗಿಸಿದರು. 2022ರಲ್ಲಿ ಅದೇ ರಾಜ್ಯದ ಪಾಸ್ಕೋ ಕೌಂಟಿಯಲ್ಲಿ ಪುನಃ ಹಾಜರು. ಹುಳು ಸಿಕ್ಕ ಬಡಾವಣೆಗಳಿಂದ ಗಿಡ, ಮಣ್ಣು, ಕಸ ಹೊರಗೆ ಸಾಗಿಸಲು ಅಲ್ಲಿ ನಿರ್ಬಂಧವಿತ್ತು. ನಾವು ನರ್ಸರಿ ಸಸಿ, ಗೊಬ್ಬರ, ಮರಳಿನ ಲಾರಿಗಳಲ್ಲಿ ಇದನ್ನು ನಾವೇ ಹಂಚುತ್ತಿದ್ದೇವೆ.

ಪ್ರಶ್ನೆ: ದಿನಾ ರಾತ್ರಿ ಆಯುತ್ತಿದ್ದೇವೆ, ಮುಗಿಯುತ್ತಲೇ ಇಲ್ಲ. ಉಪ್ಪು ಎರಚುವುದೋ, ಔಷಧಿ ಹೊಡೆಯುವುದೋ?
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಮುಗಿಯದಿರಲು ಕಾರಣ ಮಣ್ಣಿನೊಳಗಿದೆ. ಒಂದೇ ಹುಳುವಿನಲ್ಲಿ ಗಂಡು, ಹೆಣ್ಣು ಎರಡೂ ಅಂಗಗಳಿರುತ್ತವೆ. ಒಮ್ಮೆ ಕೂಡಿದರೆ ಮತ್ತೆ ಮತ್ತೆ ಮೊಟ್ಟೆಯಿಡಬಲ್ಲದು, ಒಂದು ಕಂತಿಗೆ 100ರಿಂದ 400. ಅಡಿಕೆ ಬುಡದ ಸಡಿಲ ಮಣ್ಣನ್ನು ಎರಡು ಬೆರಳಿನಷ್ಟು ಕೆದಕಿದರೆ ನೆನೆದ ಸಬ್ಬಕ್ಕಿಯಂತೆ, ಆದರೆ ತುಸು ಹಳದಿ ಬಣ್ಣದ, ಗಟ್ಟಿ ಸಿಪ್ಪೆಯ ಮೊಟ್ಟೆಗಳ ಗುಂಪು ಸಿಗುತ್ತದೆ. ಎರಡು ವಾರಕ್ಕೆ ಅವು ಮರಿ. ಒಂದು ವಾರ ಆಯ್ದು ಕೈತೊಳೆದುಕೊಂಡರೆ ಅಷ್ಟೂ ಶ್ರಮ ವ್ಯರ್ಥ. ದಿನ ಬಿಟ್ಟು ದಿನ, ಮಳೆಗಾಲ ಮುಗಿಯುವವರೆಗೂ ಆಯಬೇಕು. ಅದಕ್ಕಿಂತ ಸುಲಭ, ಮಾರ್ಚ್‌ನಲ್ಲಿ ಕಲ್ಲುಗೋಡೆಯ ಸಂದು, ಒಣ ಹಾಳೆಯ ರಾಶಿಯಡಿ ಮಲಗಿರುವವನ್ನು ಹೆಕ್ಕುವುದು. ಆಗ ಓಡುವುದಿಲ್ಲ ಅನ್ನೋಣವೆಂದರೆ, ಯಾವಾಗಲೂ ಓಡುವುದಿಲ್ಲ. ಅಡಗುವುದಿಲ್ಲ ಅನ್ನಿ.

ಸಂಜೆ ಹತ್ತು ಮೀಟರಿಗೊಂದರಂತೆ ಒದ್ದೆ ಗೋಣಿಚೀಲ ಹಾಸಿ, ಅಡಿಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಎಲೆ ಇಡಿ. ಬೆಳಗ್ಗೆ ಬಿಸಿಲೇರುವ ಮೊದಲು ಚೀಲ ಎತ್ತಿ ಆಯಿರಿ. ಲೀಟರಿಗೆ 250 ಗ್ರಾಂ ಉಪ್ಪು ಕರಗಿಸಿದ, ಮುಚ್ಚಳವಿರುವ ಬಕೆಟ್ಟಿಗೆ ಹಾಕಿ ಮರುದಿನ ತೋಟದಾಚೆ ಗುಂಡಿ ತೋಡಿ ಹೂಳಿ. ಗಿಡದ ಬುಡಕ್ಕೆ ಉಪ್ಪು ಎರಚಿದರೆ ಹುಳುವಿಗಿಂತ ಮೊದಲು ಬೇರು ಸುಡುತ್ತದೆ.

ಕೇರಳದ ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆ ಹೇಳುವ ದ್ರಾವಣ ಹೀಗಿದೆ: 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಿನಲ್ಲಿ ಒಂದು ಲೀಟರಿಗೆ ಇಳಿಯುವವರೆಗೆ ಕುದಿಸಿ ಸೋಸಿ. ಇನ್ನೊಂದು ಲೀಟರ್ ನೀರಿನಲ್ಲಿ 60 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿ. ಎರಡನ್ನೂ ಬೆರೆಸಿ ಸಿಂಪಡಿಸಿ. ಮೈಲುತುತ್ತಕ್ಕೆ ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಕಬ್ಬಿಣದ ಪಾತ್ರೆಯಲ್ಲಿ ತಾಮ್ರವೆಲ್ಲ ಪಾತ್ರೆಗೆ ಅಂಟುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಅಭ್ಯಾಸವಿದ್ದವರು ಇಲ್ಲಿ ಎಡವುತ್ತಾರೆ: ಬೋರ್ಡೋದಲ್ಲಿ ಒಂದು ಶೇಕಡಾ ಮೈಲುತುತ್ತ, ಜೊತೆಗೆ ಸುಣ್ಣ. ಇದರಲ್ಲಿ ಮೂರು ಶೇಕಡಾ, ಸುಣ್ಣವಿಲ್ಲ. ಎಲೆಗೆ ಬಿದ್ದರೆ ಸುಡುತ್ತದೆ. ಗೋಣಿಚೀಲದಡಿ ಸೇರಿದ ಹುಳುಗಳ ಮೇಲಷ್ಟೇ ಹೊಡೆಯಿರಿ. ತರಕಾರಿ ಮಡಿ, ಬಾವಿ, ಮೀನಿನ ಕೆರೆಯ ಹತ್ತಿರ ಬೇಡ.

ಮೆಟಾಲ್ಡಿಹೈಡ್ 2.5 ಶೇಕಡಾ ಗುಳಿಗೆಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ, ಮಳೆ ಬಿಡುವು ಕೊಟ್ಟ ಸಂಜೆ, ಕವುಚಿದ ತೆಂಗಿನ ಕರಟದಡಿ ಇಡಿ. ಅದು ಹುಳುವಿನ ಲೋಳೆಯನ್ನು ಬತ್ತಿಸಿ ಕೊಲ್ಲುವ ಔಷಧಿ. ರಾತ್ರಿ ಮಳೆ ಬಂದರೆ ಬಿದ್ದ ಹುಳು ನೀರು ಹೀರಿ ಎದ್ದು ಹೋಗುತ್ತದೆ. ನಾಯಿ, ದನ ತಿಂದರೆ ಪ್ರಾಣಕ್ಕೇ ಅಪಾಯ.

ಬರಿಗೈಯಲ್ಲಿ ಮುಟ್ಟಬೇಡಿ. ಇಲಿಯ ಶ್ವಾಸಕೋಶದ ಪರಾವಲಂಬಿ ಹುಳು ಈ ಬಸವನಹುಳುವಿನ ಮೈಯಲ್ಲಿರಬಹುದು. ಅದು ಮನುಷ್ಯರ ಹೊಟ್ಟೆ ಸೇರಿದರೆ ಮಿದುಳಿನ ಪೊರೆಯ ಉರಿಯೂತ ಬರುತ್ತದೆ. ಬಸವನಹುಳು ಹರಿದಾಡಿದ ಸೊಪ್ಪನ್ನು ಹಸಿಯಾಗಿ ತಿನ್ನಬಾರದು.

ಪ್ರಶ್ನೆ: ಇದನ್ನು ತಿನ್ನುವ ಇನ್ನೊಂದು ಬಸವನಹುಳು ಇದೆಯಂತೆ. ತರಿಸಬಹುದೇ? ಬಾತುಕೋಳಿ ಸಾಕಿದರೆ?
— ಓದುಗರು, ಮೂಡಿಗೆರೆ

ಉತ್ತರ: ತರಿಸುವ ಮಾತೇ ಬೇಡ. ನೀವು ಕೇಳಿದ್ದು ಯೂಗ್ಲಾಂಡಿನಾ ರೋಸಿಯಾ. ಇದೇ ಆಸೆಯಿಂದ ಹವಾಯಿಗೆ 1955ರಲ್ಲಿ, ಪೆಸಿಫಿಕ್ ಸಾಗರದ ಮೂರಿಯಾ ದ್ವೀಪಕ್ಕೆ 1977ರಲ್ಲಿ ತಂದರು. ಅದು ದೈತ್ಯನನ್ನು ಬಿಟ್ಟು ಸ್ಥಳೀಯ ಪುಟ್ಟ ಬಸವನಹುಳುಗಳನ್ನು ತಿಂದಿತು. ಹತ್ತು ವರ್ಷ ತುಂಬುವುದರೊಳಗೆ ಮೂರಿಯಾದ ಕಾಡಿನಲ್ಲಿ ಪಾರ್ಟುಲಾ ಎಂಬ ಆ ಪುಟ್ಟ ಬಸವನಹುಳುಗಳು ಇಲ್ಲವಾದವು. ಮೃಗಾಲಯಗಳಲ್ಲಿ ಸಾಕಿಟ್ಟವುಗಳಿಂದ ಕೆಲವು ಜಾತಿಗಳು ಉಳಿದವು.

ಬಾತುಕೋಳಿ ಮರಿಹುಳುಗಳನ್ನು ನುಂಗುತ್ತದೆ, ಬೆಳೆದವು ಅದರ ಗಂಟಲಿಗೆ ಇಳಿಯುವುದಿಲ್ಲ. ಗುಳಿಗೆ ಇಟ್ಟ ತೋಟಕ್ಕಂತೂ ಬಿಡಬೇಡಿ. ನಿಮ್ಮ ತೋಟದ ಬೇಲಿಸಾಲಿನಲ್ಲಿ ಕೆಂಬೂತಗಳಿದ್ದರೆ ಅವು ಈ ಹುಳುವನ್ನು ತಿನ್ನುತ್ತವೆ. ಪೊದೆಯಡಿ ಒಡೆದ ದೊಡ್ಡ ಚಿಪ್ಪುಗಳು ಬಿದ್ದಿದ್ದರೆ ಆ ಪೊದೆಯನ್ನು ಈ ವರ್ಷ ಸವರಬೇಡಿ.